ಅನುಕಂಪದ ಹಣ, ತಪ್ಪಿನ ಹಣ

1959ರ ಡಿಸೆಂಬರ್ 30ರಂದು ಜಪಾನಿನ ಮಿನಮಾತಾದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ಚಿಸ್ಸೋ ರಾಸಾಯನಿಕ ಕಂಪನಿ; ಇನ್ನೊಂದು ಕಡೆ ಕೈಕಾಲು ಸೆಟೆದು, ಮಾತು ತೊದಲಿ, ದೃಷ್ಟಿ ಮಂಜಾದವರ ಮನೆಮಂದಿ, ಹೆಚ್ಚಿನವರು ಮೀನುಗಾರರು. ಸತ್ತವರ ಲೆಕ್ಕಕ್ಕೆ 3 ಲಕ್ಷ ಯೆನ್, ಬದುಕಿರುವ ವಯಸ್ಕ ರೋಗಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ 30 ಸಾವಿರ. ಈ ದುಡ್ಡನ್ನು ಕಂಪನಿ ಪರಿಹಾರ ಎಂದು ಕರೆಯಲಿಲ್ಲ. ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ಕೈಗಿತ್ತು ಬರುವ ಹಣದ ಹೆಸರನ್ನೇ, 'ಮಿಮಾಯ್‌ಕಿನ್' ಎಂಬುದನ್ನೇ, ಒಪ್ಪಂದಕ್ಕೆ ಇಟ್ಟಿತು. ಅದು ಅನುಕಂಪದ ಹಣ.

ಅನುಕಂಪದ ಒಳಗೆ ಎರಡು ಕರಾರುಗಳಿದ್ದವು. ರೋಗಕ್ಕೆ ಕಾರ್ಖಾನೆಯ ಕೊಳಚೆ ನೀರು ಕಾರಣವಲ್ಲ ಎಂದು ತೀರ್ಮಾನವಾದರೆ ಆ ತಿಂಗಳಿಂದಲೇ ಹಣ ನಿಲ್ಲುತ್ತದೆ. ಆ ನೀರೇ ಕಾರಣ ಎಂದು ಮುಂದೆ ತೀರ್ಮಾನವಾದರೂ ಸಂತ್ರಸ್ತರು ಹೊಸದಾಗಿ ಏನನ್ನೂ ಕೇಳುವಂತಿಲ್ಲ. ಎರಡನೆಯದನ್ನು ಬರೆಸಿದವರಿಗೆ ಏನು ಗೊತ್ತಿತ್ತು? ಆ ವರ್ಷದ ಅಕ್ಟೋಬರಿನಲ್ಲೇ ಕಂಪನಿಯ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ನೋಡಿದ್ದರು. ಅದಕ್ಕೂ ಅದೇ ಸೆಳೆತ, ಅದೇ ಓಲಾಟ. ಫಲಿತಾಂಶವನ್ನು ಕಂಪನಿ ಮುಚ್ಚಿಟ್ಟಿತು. ಆ ಸಂಗತಿ ನ್ಯಾಯಾಲಯದ ದಾಖಲೆಗೆ ಬಂದದ್ದು 1970ರಲ್ಲಿ, ಕ್ಯಾನ್ಸರಿನಿಂದ ಮಲಗಿದ್ದ ಹೊಸೊಕಾವಾ ಆಸ್ಪತ್ರೆಯ ಹಾಸಿಗೆಯಿಂದಲೇ ಸಾಕ್ಷಿ ನುಡಿದಾಗ. 1973ರ ಮಾರ್ಚ್ 20ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಅನುಕಂಪದ ಒಪ್ಪಂದ ಲೋಕನೀತಿಗೆ ವಿರುದ್ಧವೆಂದು ಅದನ್ನು ಅನೂರ್ಜಿತಗೊಳಿಸಿತು. ತಲಾ 1.6 ಕೋಟಿಯಿಂದ 1.8 ಕೋಟಿ ಯೆನ್ ಕೊಡಲು ಆದೇಶಿಸಿತು. ಮೊತ್ತ ದೊಡ್ಡದೇ. ಆದರೂ ನನಗೆ ಮುಖ್ಯವಾಗಿ ಕಾಣುವುದು ಹಣದ ಹಿಂದಿನ ಮಾತು ಬದಲಾದದ್ದು. ದಯೆಯಿಂದ ಕೊಟ್ಟದ್ದು ಹೋಗಿ, ತಪ್ಪು ಮಾಡಿದ್ದಕ್ಕೆ ತೆರಬೇಕಾದದ್ದು ಬಂತು.

ಇದನ್ನೆಲ್ಲ ನಮ್ಮ ಎಂಡೋಸಲ್ಫಾನ್ ಊರುಗಳಿಗಾಗಿ ನೆನೆಯುತ್ತಿದ್ದೇನೆ. ಕಾಸರಗೋಡಿನ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಈ ಕೀಟನಾಶಕದ ವಿಷ ಸುರಿದದ್ದು ಕೇರಳ ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್. ಗಡಿಯ ಈಚೆ ದಕ್ಷಿಣ ಕನ್ನಡದಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮ. ಪಡ್ರೆ, ಸ್ವರ್ಗ, ಕೊಕ್ಕಡ, ಪಟ್ರಮೆ ಎಂಬ ಹೆಸರುಗಳನ್ನು ನಾಡು ಅರಿತದ್ದು ಹಾಸಿಗೆ ಹಿಡಿದ ಮಕ್ಕಳಿಂದಾಗಿ. ವಾಣಿನಗರದ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಅನುಮಾನಪಟ್ಟರು, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರ ಜನವರಿಯಲ್ಲಿ, ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, ಹಣ ಮುಟ್ಟಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿಗೆ ಮಾತ್ರ.

ಐದು ವರ್ಷದ ಈ ತಡಕ್ಕೆ ಖಜಾನೆಯ ಕಷ್ಟವೊಂದನ್ನೇ ಕಾರಣವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಾಲಗಾರನಿಗೆ ಅವಸರವಿರುತ್ತದೆ, ದಾನಿಗೆ ಅವಸರವಿಲ್ಲ. ಕಡತಗಳಲ್ಲಿ ಈ ಹಣ 'ನೆರವು', 'ಮಾಸಾಶನ', 'ಪುನರ್ವಸತಿ ಪ್ಯಾಕೇಜು' ಆಗಿ ಓಡಾಡುತ್ತದೆ. ಫಲಾನುಭವಿ ಎಂಬ ಪದವನ್ನಂತೂ ಈ ಮನೆಗಳ ಮುಂದೆ ನಿಂತು ಹೇಗೆ ಉಚ್ಚರಿಸುವುದು? ಮೂವತ್ತು ದಾಟಿದ ಮಗನನ್ನು ಇಂದಿಗೂ ಎತ್ತಿ ಮೀಯಿಸುವ ತಾಯಿ ಯಾವ ಫಲದ ಅನುಭವಿ?

ಇಲ್ಲೊಂದು ವಾದ ಸದಾ ಸಿದ್ಧವಾಗಿರುತ್ತದೆ: ಇಂಥ ರೋಗಿಯ ಇಂಥ ಊನಕ್ಕೆ ಎಂಡೋಸಲ್ಫಾನೇ ಕಾರಣವೆಂದು ಸಾಬೀತಾಗಿಲ್ಲ. ಒಬ್ಬೊಬ್ಬ ರೋಗಿಯ ವಿಚಾರದಲ್ಲಿ ಅದನ್ನು ಸಾಬೀತುಪಡಿಸುವುದು ಕಷ್ಟ, ನಿಜ. ಆದರೆ ಮನೆ, ಬಾವಿ, ಸುರಂಗದ ನೀರಿನ ಮೇಲೆ ಕೀಟನಾಶಕ ಸುರಿದದ್ದರಲ್ಲಿ ವಿವಾದವಿಲ್ಲ. ಸುರಿಸಿದವರು ಯಾರೆಂಬುದರಲ್ಲೂ ಇಲ್ಲ. ಅಷ್ಟನ್ನು ಒಪ್ಪಿಕೊಳ್ಳಲು ಯಾವ ಪ್ರಯೋಗಾಲಯದ ವರದಿಯೂ ಬೇಕಿಲ್ಲ.

'ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ' ಎಂಬ ವಾಕ್ಯ ನಮ್ಮ ಸಾರ್ವಜನಿಕ ಬದುಕಿನಲ್ಲಿ ಧಾರಾಳವಾಗಿ ಬಳಕೆಯಾಗುತ್ತದೆ. ಈ ಊರುಗಳಿಗೆ ಅದು ಸಾಲದು. ಮಿನಮಾತಾದಲ್ಲಿ ಸರ್ಕಾರದ ಹೊಣೆಯನ್ನೂ ಜಪಾನಿನ ಸುಪ್ರೀಂ ಕೋರ್ಟು 2004ರಲ್ಲಿ ಎತ್ತಿಹಿಡಿಯಿತು. 2010ರ ಮೇ 1ರಂದು ಪ್ರಧಾನಿ ಹತೊಯಾಮಾ ಆ ಊರಿಗೇ ಹೋಗಿ ಕ್ಷಮೆ ಕೇಳಿದರು. ರೋಗ ಅಧಿಕೃತವಾಗಿ ಗುರುತಾಗಿ ಅಷ್ಟೊತ್ತಿಗೆ 54 ವರ್ಷ ಕಳೆದಿತ್ತು. ಆ ಮಾತನ್ನು ಕೇಳಿಸಿಕೊಳ್ಳಬೇಕಾದ ಎಷ್ಟೋ ಮಂದಿ ಉಳಿದಿರಲಿಲ್ಲ.

ನಮ್ಮಲ್ಲಿ ಇನ್ನೂ ಇದ್ದಾರೆ. ತಿರುವನಂತಪುರ ಮತ್ತು ಬೆಂಗಳೂರಿನ ವಿಧಾನಸಭೆಗಳ ಕಡತಕ್ಕೆ ಹೋಗಬೇಕಾದ ವಾಕ್ಯದಲ್ಲಿ ನಿಗಮದ ಹೆಸರಿರಲಿ, ಸಿಂಪಡಿಸಿದ ವರ್ಷಗಳಿರಲಿ, ಊರುಗಳ ಹೆಸರಿರಲಿ, 'ತಪ್ಪು ನಮ್ಮದು' ಎಂಬುದಿರಲಿ, 'ಆಗಿದ್ದರೆ' ಬೇಡ. ಪ್ರತಿ ತಿಂಗಳ ಹಣದ ಆದೇಶದ ಮೊದಲ ಸಾಲಿನಲ್ಲೂ ಅದೇ ಕಾರಣ ಬರೆದಿರಲಿ. ಸಂಬಂಧಪಟ್ಟ ಮಂತ್ರಿಗಳು ಅದನ್ನು ಕೊಕ್ಕಡದಲ್ಲಿ, ಪಡ್ರೆಯಲ್ಲಿ, ಅಲ್ಲಿಯವರಿಗೆ ತಿಳಿಯುವ ಕನ್ನಡ, ತುಳು, ಮಲಯಾಳಗಳಲ್ಲಿ ಓದಿ ಹೇಳಲಿ.