ಗಡಿನಾಡಿನ ಸಣ್ಣ ಇಗರ್ಜಿಗಳು: ಪರಿಸರ ಕಾಳಜಿಗೆ ಖರ್ಚೆಷ್ಟು?

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕೆಥೋಲಿಕ್ ಇಗರ್ಜಿಗಳು ಕೇರಳದ ನೆಲದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ, ನಾರಂಪಾಡಿ, ಉಕ್ಕಿನಡ್ಕ ಮುಂತಾದ ಕಡೆ ಪ್ರಾರ್ಥನೆ ಕೊಂಕಣಿಯಲ್ಲಿ, ಹಿರಿಯರು ಕಲಿತ ಶಾಲೆ ಕನ್ನಡದಲ್ಲಿ, ಸರಕಾರಿ ಕಾಗದಪತ್ರ ಹೆಚ್ಚಾಗಿ ಮಲಯಾಳದಲ್ಲಿ. ಹೆಸರಾದ ದೊಡ್ಡ ಇಗರ್ಜಿಗಳ ಜೊತೆಗೆ ಒಳನಾಡಿನಲ್ಲಿ ಬೆರಳೆಣಿಕೆಯ ವಾಳೆಗಳಿರುವ ಸಣ್ಣ ಇಗರ್ಜಿಗಳೂ ಇವೆ. ಅಲ್ಲಿನ ಯುವಕರು ಮಂಗಳೂರು, ಮುಂಬೈ, ಗಲ್ಫ್ ಸೇರಿದ್ದಾರೆ. ಭಾನುವಾರದ ಕಾಣಿಕೆ, ಹಬ್ಬದ ವಂತಿಗೆ, ಹಿತ್ತಿಲ ತೆಂಗು-ಅಡಕೆ ಇಷ್ಟೇ ಆದಾಯ. ಮಾಡಿನ ದುರಸ್ತಿಗೇ ಹಣ ಸಾಲದಿರುವಾಗ ಪರಿಸರದ ಮಾತೆತ್ತಿದರೆ "ಅದೆಲ್ಲ ದೊಡ್ಡ ಇಗರ್ಜಿಯವರಿಗೆ" ಎಂಬ ಉತ್ತರ ಬರುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ.

ಈ ಮಣ್ಣಿಗೆ ಪರಿಸರದ ಪಾಠ ಹೊರಗಿನಿಂದ ಬರಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಬದಿಯಡ್ಕ, ಕುಂಬ್ಡಾಜೆ ಸೇರಿದಂತೆ 11 ಪಂಚಾಯತುಗಳನ್ನು ಸರಕಾರವೇ ಬಾಧಿತ ಎಂದು ಗುರುತಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಗಾಳಿ ಮತ್ತು ನೀರು ಕೆಟ್ಟರೆ ಮೊದಲು ನರಳುವವರು ಬಡವರು ಎಂಬುದನ್ನು ಇಲ್ಲಿನ ಮನೆಗಳು ಕಂಡಿವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲಾವ್‌ದಾತೊ ಸಿ' ಪ್ರೇಷಿತ ಪತ್ರದ ಮುಖ್ಯ ವಾದವೂ ಇದೇ. ಪ್ಲಾಸ್ಟಿಕ್ ಮತ್ತು ಕಾಗದ ಕಡಿಮೆ ಬಳಸುವುದು, ನೀರು ಉಳಿಸುವುದು, ಬೇಡದ ದೀಪ ಆರಿಸುವುದು ಮುಂತಾದ ಸಣ್ಣ ಕೆಲಸಗಳನ್ನೂ ಆ ಪತ್ರ ಹೆಸರಿಸಿ ಎಣಿಸಿದೆ.

ಮಾಡಿನ ಮೇಲಿನ ಮಳೆ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ. ಆದರೂ ಎಪ್ರಿಲ್-ಮೇ ಬಂತೆಂದರೆ ಬಾವಿಗಳು ಬತ್ತುತ್ತವೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಮಾಡಿರುವ ಸಣ್ಣ ಇಗರ್ಜಿಯ ಮೇಲೂ ವರ್ಷಕ್ಕೆ 7 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಅರ್ಧ ಹಿಡಿದರೂ ಮೂರೂವರೆ ಲಕ್ಷ ಲೀಟರ್. ಈಗ ಅದು ಅಂಗಳದ ಮಣ್ಣನ್ನೂ ಕೊಚ್ಚಿಕೊಂಡು ತೋಡಿಗೆ ಹೋಗುತ್ತಿದೆ. ದಂಬೆ, ಪೈಪು, ಜಲ್ಲಿ-ಮರಳು-ಇದ್ದಿಲು ತುಂಬಿದ ಒಂದು ಡ್ರಮ್ಮು ಇದ್ದರೆ ಅದನ್ನು ಇಗರ್ಜಿಯ ಬಾವಿಗೆ ಬಿಡಬಹುದು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಕುಡಿಯುವ ಮುನ್ನ ನೀರಿನ ಪರೀಕ್ಷೆ ಮಾಡಿಸಬೇಕು. ಕಡಿದಾದ ಗುಡ್ಡದ ಬದಿಯಲ್ಲಿ ಇಂಗುಗುಂಡಿ ತೋಡಿದರೆ ಮಣ್ಣು ಜರಿಯುವ ಅಪಾಯವಿದೆ ಎಂಬುದನ್ನೂ ಮರೆಯುವಂತಿಲ್ಲ. ಸುರಂಗ ಕೊರೆದು ನೀರು ತಂದ ಊರಿನವರಿಗೆ ಈ ಕೆಲಸ ಹೊಸತೇನಲ್ಲ.

ಹಬ್ಬದ ಊಟದ ಮರುದಿನ

ಸಣ್ಣ ಇಗರ್ಜಿಯ ಕಸ ಹೆಚ್ಚುವುದು ವಾರ್ಷಿಕ ಹಬ್ಬ, ಮದುವೆ ಮತ್ತು ಪ್ರಥಮ ಪರಮಪ್ರಸಾದದ ದಿನಗಳಲ್ಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ಕೇರಳದಲ್ಲಿ 2020ರ ಜನವರಿಯಿಂದಲೇ ನಿಷೇಧವಿದೆ. 2023ರ ಕೊನೆಯಲ್ಲಿ ಪಂಚಾಯತ್ ರಾಜ್ ಕಾನೂನಿಗೆ ತಂದ ತಿದ್ದುಪಡಿಯ ಪ್ರಕಾರ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ ಮೂರು ದಿನ ಮುಂಚಿತವಾಗಿ ಪಂಚಾಯತಿಗೆ ತಿಳಿಸಬೇಕು, ಕಸ ವಿಂಗಡಿಸಿ ಶುಲ್ಕ ಕೊಟ್ಟು ಒಪ್ಪಿಸಬೇಕು. ಹಿತ್ತಿಲಲ್ಲಿ ರಾಶಿ ಹಾಕಿ ಬೆಂಕಿ ಕೊಡುವ ಹಳೆಯ ಪದ್ಧತಿ ಈಗ ದಂಡಕ್ಕೆ ದಾರಿ. ಹರಿತ ಕರ್ಮಸೇನೆಯ ಮಹಿಳೆಯರು ಮನೆಮನೆಯಿಂದ ಸಂಗ್ರಹಿಸುವಂತೆ ಇಗರ್ಜಿಯಿಂದಲೂ ಒಣ ಕಸ ಒಯ್ಯಬಲ್ಲರು.

ಆದರೆ ಕಸವೇ ಆಗದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ. ಅಡಕೆ ತೋಟದ ಊರಿನಲ್ಲಿ ಹಾಳೆತಟ್ಟೆಗೆ, ಬಾಳೆಲೆಗೆ ಬರವಿಲ್ಲ. ವಾಳೆಗೊಂದಿಷ್ಟು ಎಂದು ಹಂಚಿಕೊಂಡು ಸ್ಟೀಲ್ ಬಟ್ಟಲು-ಲೋಟ ಒಮ್ಮೆ ಖರೀದಿಸಿದರೆ ಹಲವು ವರ್ಷ ಬಾಳುತ್ತವೆ. ಜಾತಿ-ಮತ ನೋಡದೆ ನೆರೆಕರೆಯ ಮದುವೆ, ಬೊಜ್ಜಗಳಿಗೂ ಅವನ್ನು ಬಾಡಿಗೆಗೆ ಕೊಡಬಹುದು.

ಮೊಂತಿ ಹಬ್ಬವೇ ದಾರಿ

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಜಗತ್ತಿನ ಅನೇಕ ಕ್ರೈಸ್ತ ಸಭೆಗಳು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ಕರಾವಳಿಯ ಕೆಥೋಲಿಕರಿಗೆ ಇದರ ನಡುವೆಯೇ, ಸೆಪ್ಟೆಂಬರ್ 8ಕ್ಕೆ, ಮೊಂತಿ ಹಬ್ಬ ಬರುತ್ತದೆ. ಮಕ್ಕಳು ಹೂವು ಅರ್ಪಿಸುತ್ತಾರೆ, ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ, ಹೊಸ ಅಕ್ಕಿಯ ಊಟವಾಗುತ್ತದೆ. ಆದರೆ ಗದ್ದೆಗಳು ಅಡಕೆ ತೋಟವಾಗಿ, ಮನೆ ನಿವೇಶನವಾಗಿ ಬದಲಾದ ಮೇಲೆ ಆ ತೆನೆಯನ್ನು ದೂರದಿಂದ ತರಿಸುವ ಸ್ಥಿತಿ ಬಂದಿದೆ. ಹಡೀಲು ಬಿದ್ದ ಒಂದು ತುಂಡು ಗದ್ದೆಯಲ್ಲಿ ಇಗರ್ಜಿಯವರೇ ಕೂಡಿ ಬಿತ್ತಿದರೆ ಹಬ್ಬದ ತೆನೆ ಊರಿನದೇ ಆಗುತ್ತದೆ. ಪೇಟೆಯ ಹೂವಿನ ಬದಲು ಹಿತ್ತಿಲ ಹೂವು ಸಾಕೆಂದರೆ ಬಡ ಮನೆಯ ಮಗುವಿಗೂ ಸಂಕೋಚವಿರುವುದಿಲ್ಲ.

ನಿಜವಾದ ತೊಡಕು ದುಡಿಯುವ ಕೈಗಳದ್ದು. ಜೂನ್ 5ರಂದು ಫೋಟೋಕ್ಕೆ ನೆಟ್ಟ ಗಿಡ ಮಾರ್ಚಿಯಲ್ಲಿ ನೀರಿಲ್ಲದೆ ಒಣಗುತ್ತದೆ. ಉತ್ಸಾಹಿ ಧರ್ಮಗುರುಗಳು ಕೆಲವು ವರ್ಷಗಳಲ್ಲಿ ವರ್ಗವಾಗುತ್ತಾರೆ, ಅವರೊಂದಿಗೆ ಯೋಜನೆಯೂ ಹೋಗುತ್ತದೆ. ಪಾತ್ರೆ ತೊಳೆಯುವ ಹೊರೆ ಕೊನೆಗೆ ಒಂದಿಬ್ಬರು ಹೆಂಗಸರ ಮೇಲೆ ಬೀಳುತ್ತದೆ. ಆದುದರಿಂದ ಪಾಲನಾ ಮಂಡಳಿ ಒಂದೆರಡು ಕೆಲಸಗಳನ್ನು ಮಾತ್ರ ಆರಿಸಿ, ನಡಾವಳಿ ಪುಸ್ತಕದಲ್ಲಿ ಬರೆದು, ವಾಳೆಗಳಿಗೆ ಸರದಿ ಹಂಚಬೇಕು. ಗಂಡಸರಿಗೂ ಸರದಿ ಇರಬೇಕು. ಹತ್ತು ಗಿಡ ನೆಡುವುದಕ್ಕಿಂತ ಎರಡು ಗಿಡಕ್ಕೆ ಬೇಸಗೆಯಿಡೀ ನೀರೆರೆಯುವುದು ಮೇಲು.

ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ಈ ಸೀಮೆಯಲ್ಲಿ ಇನ್ನೂ ಉಳಿದಿದೆ. ಕಲ್ಲು-ಮಣ್ಣಿನ ಆ ಕಟ್ಟದಿಂದ ಮೇಲಿನ ತೋಟಕ್ಕೂ ಕೆಳಗಿನ ಬಾವಿಗೂ ನೀರು ನಿಲ್ಲುತ್ತದೆ. ಅದನ್ನು ಯಾವ ಒಬ್ಬ ಶ್ರೀಮಂತನೂ ಕಟ್ಟಿದ್ದಲ್ಲ, ತೋಡಿನ ಎರಡೂ ಬದಿಯವರು ಕೂಡಿ ಕಟ್ಟಿದ್ದು. ಸಣ್ಣ ಇಗರ್ಜಿಗೆ ಈ ಲೆಕ್ಕಾಚಾರ ಸಾಕು. ಮುಂದಿನ ಹಬ್ಬದ ಖರ್ಚುವೆಚ್ಚದ ಸಭೆಯಲ್ಲಿ ಬ್ಯಾಂಡು, ದೀಪಾಲಂಕಾರದ ಜೊತೆಗೆ ತಟ್ಟೆ ಯಾವುದು, ಕಸ ಎಲ್ಲಿಗೆ ಎಂಬ ಎರಡು ಪ್ರಶ್ನೆಗಳೂ ಚರ್ಚೆಗೆ ಬಂದರೆ ಕೆಲಸ ಶುರುವಾದಂತೆಯೇ.