ಅಡವಿಯ ಖಾತೆಪುಸ್ತಕ

ರಜೆಗೆ ಬಂದ ಮೊಮ್ಮಗನನ್ನು ಕರೆದುಕೊಂಡು ಹಾನಗಲ್ಲಿನಿಂದ ಮುಂಡಗೋಡಕ್ಕೆ ಹೊರಟಿದ್ದೆ. ಬಸ್ಸಿನ ಕಿಟಕಿಗೆ ಮೂಗು ಹಚ್ಚಿ ಕೂತವನು ಕೇಳಿದ: "ಅಜ್ಜಾ, ಇಷ್ಟೆಲ್ಲಾ ಗಿಡಾ ಯಾರು ಎಣಸ್ತಾರ?"

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ತಲೆ ಬೆಳ್ಳಗಾದವನಿಗೆ ಇಂಥ ಪ್ರಶ್ನೆ ಅಂದರೆ ಹೋಳಿಗೆ ಊಟ.

ಅಡವಿಗೂ ಪುಸ್ತಕ ಇದೆ. ಪ್ರತಿ ಅರಣ್ಯ ವಿಭಾಗಕ್ಕೆ ಸಾಮಾನ್ಯವಾಗಿ 10 ವರ್ಷಕ್ಕೊಂದು ಕಾರ್ಯಯೋಜನೆ ಬರೆಯುತ್ತಾರೆ. ಎಲ್ಲಿ ಸಸಿ ನೆಡಬೇಕು, ಯಾವ ಸಾಗವಾನಿ ತೋಪು ಒತ್ತಾಗಿದೆ, ಬೇಸಿಗೆಗೆ ಮುಂಚೆ ಎಲ್ಲಿ ಬೆಂಕಿರೇಖೆ ಮಾಡಬೇಕು, ಎಲ್ಲವೂ ಅದರಲ್ಲಿ. ಅಸಲು ಮುಟ್ಟದೆ ಬಡ್ಡಿ ಮಾತ್ರ ತಿನ್ನು ಎಂಬುದು ಹಳೆಯ ಸೂತ್ರ: ಅಡವಿ ವರ್ಷಕ್ಕೆ ಬೆಳೆಯುವುದಕ್ಕಿಂತ ಹೆಚ್ಚು ಕಡಿಯಬಾರದು. ವಿಭಾಗದ ಕೆಳಗೆ ವಲಯ, ಶಾಖೆ, ಕಟ್ಟಕಡೆಗೆ ಗಸ್ತು. ಗಸ್ತಿಗೊಬ್ಬ ಗಾರ್ಡ್.

ಇದರ ಮೇಲೆ ಆಡಿಟ್ ಬೇರೆ! ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಮೊದಲ ವರದಿ ಬಂದದ್ದು 1987ರಲ್ಲಿ. ಸುಮಾರು ಎರಡು ವರ್ಷಕ್ಕೊಮ್ಮೆ ಉಪಗ್ರಹ ಚಿತ್ರ ನೋಡಿ ಇಡೀ ದೇಶದ ಹಸಿರು ಅಳೆಯುತ್ತಾರೆ. ಆಯ್ದ ಜಾಗಗಳಿಗೆ ಹೋಗಿ, ನೆಲದಿಂದ 1.37 ಮೀಟರ್ ಎತ್ತರಕ್ಕೆ ಗಿಡದ ಸುತ್ತಳತೆಯನ್ನೂ ಹಿಡಿಯುತ್ತಾರೆ.

ನನ್ನ ತಕರಾರು ಇರುವುದು ಆ ಆಕಾಶದ ಲೆಕ್ಕದಲ್ಲಿ. ಕನಿಷ್ಠ 1 ಹೆಕ್ಟೇರ್ ಜಾಗದಲ್ಲಿ ನೂರಕ್ಕೆ 10 ಪಾಲು ಗಿಡಗಳ ಚಪ್ಪರ ಕಂಡರೆ ಅದು 'ಅರಣ್ಯ ಹೊದಿಕೆ'. ಯಾರ ಜಾಗ, ಯಾವ ಗಿಡ ಎಂದು ಕೇಳುವುದಿಲ್ಲ. ನಮ್ಮ ಹಾನಗಲ್ಲಿನ ಮಾವಿನ ತೋಟಗಳೂ ಅದರಲ್ಲಿ ಸೇರಬಹುದು.

ನಮ್ಮ ಜಿಲ್ಲೆಯ ರಾಣೆಬೆನ್ನೂರನ್ನೇ ನೋಡಿ. ಅಲ್ಲಿ ಕೃಷ್ಣಮೃಗಗಳಿಗೆಂದು 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಚಿಗರಿಗೆ ಬೇಕಾದದ್ದು ಬಯಲು, ಹುಲ್ಲು, ದೂರದವರೆಗೆ ಕಣ್ಣು ಹಾಯುವ ನೆಲ. ಅಲ್ಲಿ ದೊಡ್ಡ ಭಾಗದಲ್ಲಿರುವುದು ನೀಲಗಿರಿ ನೆಡುತೋಪು. ಮೇಲಿನಿಂದ ನೋಡಿದರೆ ನೀಲಗಿರಿ ಜಮೆ, ಬರೀ ಹುಲ್ಲು ಸೊನ್ನೆ. ಚಿಗರಿಯನ್ನು ಕೇಳಿದರೆ ಲೆಕ್ಕ ತಿರುವುಮುರುವು.

ಸಂಜೆ ಲೆಡ್ಜರ್ ಸರಿ ಬಂದರೂ ಕ್ಯಾಶ್ ಎಣಿಸದೆ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಅಡವಿಯಲ್ಲಿ ಹಾಗೆ ಎಣಿಸುವವನು ಆ ಗಾರ್ಡ್. ಹೊಸದಾಗಿ ಕಡಿದ ಬೊಡ್ಡೆ, ಗಡಿಕಲ್ಲು ದಾಟಿದ ನೇಗಿಲ ಗೆರೆ, ಮೊದಲು ಕಾಣುವುದು ನಡೆದು ಹೋದವನ ಕಣ್ಣಿಗೆ. ಆ ಹುದ್ದೆ ಖಾಲಿ ಬಿಟ್ಟರೆ ಎಷ್ಟು ಉಪಗ್ರಹ ಹಾರಿಸಿದರೇನು?

ಮನೆಗೆ ಬಂದವನೇ ಮೊಮ್ಮಗ ಅಜ್ಜಿಗೆ ವರದಿ ಒಪ್ಪಿಸಿದ: "ಅಜ್ಜೀ, ನಮ್ಮ ಮಾವಿನ ತ್ವಾಟಾನೂ ಅಡವಿ ಅಂತ!"

"ಹೌದಪಾ," ಅಂದಳು ಅವಳು, ರೊಟ್ಟಿ ಬಡಿಯುತ್ತಲೇ. "ಮಂಗ್ಯಾಗಳಿಗೆ ಅದು ಮೊದಲೇ ಗೊತ್ತೈತಿ."