“ಎಷ್ಟು ಎಚ್‌ಪಿ ಅಣ್ಣ?” ಅನ್ನೋದು ಎರಡನೇ ಪ್ರಶ್ನೆ

1/4
ಸಿರುಗುಪ್ಪದ ಭತ್ತದ ಗದ್ದೆ ಇರಲಿ, ಕುರುಗೋಡಿನ ಮೆಣಸಿನಕಾಯಿ ಹೊಲ ಇರಲಿ, ಪಂಪ್ ತರಾಕ ಬಳ್ಳಾರಿಗೆ ಬಂದವರು ಮೊದಲು ಕೇಳೋದು ಎಚ್‌ಪಿ. ದೊಡ್ಡ ಮೋಟರ್ ಅಂದ್ರೆ ಜಾಸ್ತಿ ನೀರು ಅನ್ನೋ ನಂಬಿಕೆ. ತಪ್ಪು! ಮೊದಲು ಕೇಳಬೇಕಾದ್ದು ಎರಡು: ನೀರು ಎಷ್ಟು ಮೀಟರ್ ಎತ್ತಬೇಕು? ಸೆಕೆಂಡಿಗೆ ಎಷ್ಟು ಲೀಟರ್ ಬೇಕು?

2/4
ಲೆಕ್ಕ ಸುಲಭ ಐತೆ. ಲೀಟರನ್ನ ಮೀಟರಿಂದ ಗುಣಿಸಿ 75ರಿಂದ ಭಾಗಿಸ್ರಿ. ಕಾಲುವೆಯಿಂದ ಗದ್ದೆಗೆ, ಪೈಪಿನ ತಿಕ್ಕಾಟವೂ ಸೇರಿ 6 ಮೀಟರ್, ಸೆಕೆಂಡಿಗೆ 15 ಲೀಟರ್ ಅಂದುಕೊಳ್ಳಿ. 90 ÷ 75 = 1.2. ಪಂಪಿನ ದಕ್ಷತೆ ಶೇ 60 ಅಂದ್ರೆ 2 ಎಚ್‌ಪಿ. ಸ್ವಲ್ಪ ಮಿಗಿಸಿ 3 ತಗೊಂಡ್ರೆ ಸಾಕು. ಅಲ್ಲಿ 7.5 ಯಾಕೆ ಬೇಕು?

3/4
ನೀರು ತಳ್ಳೋದು ಮೋಟರ್ ಅಲ್ಲ, ಒಳಗಿನ ಇಂಪೆಲ್ಲರ್. ಸಮುದ್ರದ ದೋಣಿಯಲ್ಲೂ ಇದೇ ಕಥೆ. ಪ್ರೊಪೆಲ್ಲರ್ ದೊಡ್ಡದಾದ್ರೆ ಎಂಜಿನ್ ಪೂರ್ತಿ ವೇಗ ತಲುಪದೆ ಹೊಗೆ ಕಾರ್ತದೆ, ಚಿಕ್ಕದಾದ್ರೆ ಸುಮ್ನೆ ಗಿರಗಿರ ತಿರುಗ್ತದೆ. 30 ಮೀಟರ್ ಎತ್ತೋ ಸೆಂಟ್ರಿಫ್ಯೂಗಲ್ ಪಂಪನ್ನ 6 ಮೀಟರಿಗೆ ಹಾಕಿದ್ರೆ ಅದು ಅಳತೆ ಮೀರಿ ನೀರು ತಳ್ಳಿ, ಮೋಟರ್ ಮೇಲೆ ಲೋಡ್ ಏರಿ ಕಾಯಿಲ್ ಸುಡ್ತದೆ. ಬೈಯೋದು ಮಾತ್ರ ವೋಲ್ಟೇಜನ್ನ! ಕೇರಳದ ಕುಟ್ಟನಾಡಿನ ರೈತರು ಕಡಿಮೆ ಎತ್ತರಕ್ಕೆ ಅಂತಾನೇ ಪ್ರೊಪೆಲ್ಲರ್ ಥರದ ‘ಪೆಟ್ಟಿ-ಪರ’ ಇಟ್ಕೊಂಡಿದ್ದಾರೆ. ಎತ್ತರ ನೋಡಿ ಪಂಪ್ ಅನ್ನೋದು ಅವರಿಗೆ ಗೊತ್ತು.

4/4
“10 ಎಚ್‌ಪಿವರೆಗೆ ಕರೆಂಟ್ ಫ್ರೀ ಐತಲ್ಲ, ನಿನಗೇನು?” ಅಂತೀರಿ. ಕರೆಂಟ್ ಫ್ರೀ, ರಿವೈಂಡಿಂಗ್ ಫ್ರೀ ಅಲ್ಲ. ತೆನೆ ಬರೋ ಹೊತ್ತಿಗೆ ನಾಲ್ಕು ದಿನ ನೀರು ನಿಂತ್ರೆ ಆ ನಷ್ಟ ಯಾರ ಖಾತೆಗೆ? ಎಲ್ಲರೂ ದೊಡ್ಡದು ಹಾಕಿದ್ರೆ ಒಂದೇ ಟ್ರಾನ್ಸ್‌ಫಾರ್ಮರ್ ಎಷ್ಟು ಹೊರ್ತದೆ? ಡೀಸೆಲ್ ಎಂಜಿನ್ ಇದ್ದೋರಿಗಂತೂ ನೇರ ಜೇಬಿಗೇ ಕತ್ತರಿ. ಪಂಪಿನ ದುಡ್ಡು ಒಂದೇ ಸಲ, ಡೀಸೆಲ್ ದುಡ್ಡು ದಿನಾ.

ಬಿಕಾಂ ಓದೋ ನಾವು ಕಾಸ್ಟಿಂಗ್ ಪರೀಕ್ಷೆಗೆ ಮಾತ್ರ ಬರೆದ್ರೆ ಏನು ಬಂತು? ಅಪ್ಪ, ಮಾವ ಅಂಗಡಿಗೆ ಹೊರಟಾಗ ನೀವೂ ಹೋಗ್ರಿ. ಟೇಪ್ ಹಿಡಿದು ಎತ್ತರ ಅಳೀರಿ. ಪಂಪಿನ ಪ್ಲೇಟಿನ ಮೇಲೆ ಹೆಡ್, ಡಿಸ್ಚಾರ್ಜ್ ಎರಡೂ ಬರೆದಿರ್ತದೆ, ಓದ್ರಿ. “ಎಲ್ಲರೂ ಇದನ್ನೇ ಒಯ್ತಾರ” ಅಂದ್ರೆ ತಲೆಯಾಡಿಸಬ್ಯಾಡ್ರಿ. ಅವರ ಬಾವಿ ಬೇರೆ, ನಿಮ್ಮ ಕಾಲುವೆ ಬೇರೆ.

ಸೇವ್ ಮಾಡ್ಕೊಳ್ರಿ, ಮನೆ ಗ್ರೂಪಿಗೆ ಕಳ್ಸ್ರಿ. ನಿಮ್ಮ ಹೊಲದ ಎತ್ತರ ಎಷ್ಟು? ಕಮೆಂಟ್‌ನಲ್ಲಿ ಹಾಕ್ರಿ, ಕೂತು ಲೆಕ್ಕ ಮಾಡೋಣ 👇

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಪಂಪ್‌ಲೆಕ್ಕ